ಹುಟ್ಟು ಕರಿ ನೋಡುವ ಕಣ್ಣು

…ಅಥವಾ ಅವಳು ಹಾಗೆ ಅನ್ನಲೇ ಇಲ್ಲವೋ ಏನೋ. "ಇದು ಕರೀದಲ್ಲ, ನೀಲಿ" ಎಂದದ್ದು ನನ್ನ ಹೆಂಡತಿಯೇ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಈಗ ಅದನ್ನೇ ಕಾಗದದ ಮೇಲೆ ಇಡಹೊರಟರೆ ಆ ಮಾತಿಗೆ ಅವಳ ದನಿ ಸೇರುತ್ತಿಲ್ಲ. ನನ್ನ ತಮ್ಮನ ದನಿ ಕೇಳುತ್ತದೆ. ಇನ್ನೊಮ್ಮೆ ನೆನೆದರೆ ಯಾರೂ ಏನೂ ಅನ್ನದೆ, ಮೂವರೂ ಒಂದು ಕಂಬಳಿಯ ಒಂದೇ ಮೂಲೆಯನ್ನು ನೋಡುತ್ತ ನಿಂತದ್ದಷ್ಟೇ ಕಾಣುತ್ತದೆ. ಹಿರಿಯೂರಿನ ನಮ್ಮ ನಡುಮನೆ, ದೀಪ ಹಾಕುವ ಹೊತ್ತು, ತಲೆಯ ಮೇಲೆ ಎಲ್‌ಇಡಿ ಬಲ್ಬು. ಇಷ್ಟು ಖಚಿತ. ಇಲ್ಲ, ಬಲ್ಬು ಮಾತ್ರ ಖಚಿತ. ಹೊತ್ತನ್ನು ನಾನು ಬಲ್ಬಿನಿಂದ ಊಹಿಸುತ್ತಿದ್ದೇನೆ.

ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಇಂಥ ಅನುಮಾನ ಇಲ್ಲ. ಅದು ಅವತ್ತೇ ಶುರುವಾಗಿರಲಿಲ್ಲ, ಅವತ್ತು ಹೊರಗೆ ಬಂತು.

ಕಂಬಳಿಯ ವಿಷಯ ಮೊದಲು ಹೇಳಬೇಕು. ನಮ್ಮದು ಕುರಿ ಕಾಯುವವರ ಮನೆ. ಮದುಮಕ್ಕಳನ್ನು ಹಸೆಗೆ ಕೂರಿಸುವಾಗ ಕೆಳಗೆ ಕರಿ ಕಂಬಳಿ ಹಾಸುತ್ತೇವೆ. ಅದರಲ್ಲಿ ಬಣ್ಣ ಹಾಕಿದ ನೂಲು ಒಂದು ಎಳೆಯೂ ಇರಬಾರದು, ಕರಿ ಕುರಿಯ ಮೈಯಿಂದಲೇ ಬಂದ ಕರಿ ಆಗಿರಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ನಾವು ಅದಕ್ಕೆ ಹುಟ್ಟು ಕರಿ ಎನ್ನುತ್ತೇವೆ. ಹುಟ್ಟು ಕರಿಯನ್ನು ಕಣ್ಣಿನ ಹತ್ತಿರ ಹಿಡಿದರೆ ಒಳಗೊಂದು ಕೆಂಪು ಛಾಯೆ ಇರುತ್ತದೆ, ಸೀದ ಬೆಲ್ಲದ ಹಾಗೆ. ಪೇಟೆಯಲ್ಲಿ ಬಣ್ಣ ಹಾಕಿ ಮಾರುವ ಕರಿ ನೂಲಿನೊಳಗೆ ನೀಲಿ ಅಡಗಿರುತ್ತದೆ. ಎರಡನ್ನೂ ಸೇರಿಸಿ ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ, ಒಣಗಿಸಿಬಿಟ್ಟರೆ ಬೇರ್ಪಡಿಸಿ ಹೇಳಲು ಕಣ್ಣು ಬೇಕು.

ಆ ಕಣ್ಣು ನನ್ನದಾಗಿತ್ತು. ಕುರಿ ತಮ್ಮನ ಪಾಲಿಗೆ ಹೋಯಿತು, ಹೊಸದುರ್ಗದ ಕಡೆಯ ಹೊಲವೂ ಹೋಯಿತು. ನಾನೇ ಬಿಟ್ಟುಕೊಟ್ಟು ಹಿರಿಯೂರಿಗೆ ಬಂದು ಕಚೇರಿ ಕೆಲಸ ಹಿಡಿದವನು, ಅದರ ಬಗ್ಗೆ ದೂರಿಲ್ಲ. ಆದರೆ ನೆಂಟರಲ್ಲಿ ಎಲ್ಲಿ ಮದುವೆ ಗೊತ್ತಾದರೂ ಕಂಬಳಿ ಮೊದಲು ನನ್ನ ಮುಂದೆ ಬರುತ್ತಿತ್ತು. ನಾನು ಬಾಗಿಲಿಗೆ ಹೋಗಿ, ಬೆಳಕಿಗೆ ಹಿಡಿದು, ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಸ್ರಿ" ಎನ್ನುತ್ತಿದ್ದೆ. ಅಷ್ಟಕ್ಕೇ ನನ್ನನ್ನು ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಕುರಿಯವರ ಮಗ ಎನ್ನುವುದಕ್ಕೆ ನನ್ನಲ್ಲಿ ಉಳಿದಿದ್ದದ್ದು ಅದೊಂದೇ.

ಹೆಂಡತಿ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಟಗರಿಗೂ ಹೋತಕ್ಕೂ ವ್ಯತ್ಯಾಸವೇನು ಎಂದು ಮದುವೆಯಾದ ಮೇಲೆ ನನ್ನನ್ನು ಕೇಳಿದವಳು.

ಹೋದ ವರ್ಷ ಅವಳಿಗೆ ಚಿತ್ರದುರ್ಗದಲ್ಲಿ ಕಣ್ಣಿನ ಪೊರೆ ತೆಗೆದರು. ಮೊದಲು ಎಡಗಣ್ಣು. ಪಟ್ಟಿ ಬಿಚ್ಚಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ನಗುವುದು. ಒಂದು ಕಣ್ಣು ಮುಚ್ಚುತ್ತಾಳೆ, ತೆಗೆಯುತ್ತಾಳೆ, ಇನ್ನೊಂದು ಮುಚ್ಚುತ್ತಾಳೆ.

"ರೀ, ಇದು ಮುಚ್ಚಿದ್ರೆ ಬೆಳಗಾಗೈತೆ, ಇದು ಮುಚ್ಚಿದ್ರೆ ಸಾಯಂಕಾಲ."

"ಅಂದ್ರೆ?"

"ಹಳೇ ಕಣ್ಣಾಗೆ ಗೋಡೆ ಎಲ್ಲಾ ಟೀ ಚೆಲ್ಲಿದಂಗೆ ಐತೆ. ಹೊಸದ್ರಾಗೆ ಬೆಳ್ಳಗೆ. ಬೆಳ್ಳಗೂ ಅಲ್ಲ, ಹಾಲಿಗೆ ಒಂದ್ ಹನಿ ನೀಲಿ ಬಿಟ್ಟಂಗೆ."

ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು, ಬಿಡಿಸಿ ಹೇಳಿದರು. ಕಣ್ಣೊಳಗಿನ ಲೆನ್ಸು ವಯಸ್ಸಾದಂತೆ ಹಳದಿಗಟ್ಟುತ್ತದೆ, ನೀಲಿಯನ್ನು ಒಳಗೆ ಬಿಡುವುದು ಕಡಿಮೆ ಮಾಡುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ತಂತಿಯ ಬಲ್ಬಿನ ಬೆಳಕಿನಲ್ಲಿ ಕೆಂಪು, ಹಳದಿಯೇ ಹೆಚ್ಚು, ನೀಲಿ ತೀರ ಕಡಿಮೆ. ಅದರ ಕೆಳಗೆ ಎಳೆಯ ಕಣ್ಣೂ ಮುದಿಗಣ್ಣೂ ಹೆಚ್ಚುಕಡಿಮೆ ಒಂದೇ. ಈಗಿನ ಬಿಳಿ ಎಲ್‌ಇಡಿಯಲ್ಲಿ ನೀಲಿ ಧಾರಾಳವಾಗಿ ಇದೆ. ಲೆನ್ಸು ಬದಲಿಸಿಕೊಂಡವರಿಗೆ ಅದೆಲ್ಲ ನೇರವಾಗಿ ಒಳಗೆ ಬರುತ್ತದೆ, ಮೊದಮೊದಲು ಕಣ್ಣು ಕುಕ್ಕುತ್ತದೆ. ಆಮೇಲೆ ಅವರು ನನ್ನ ಕಡೆ ತಿರುಗಿ, "ನಿಮ್ದೂ ಹಣ್ಣಾಗ್ತಾ ಐತೆ ಸರ್, ನೋಡೋಣ್ವಾ?" ಎಂದರು.

"ನನಗೆ ಚೆನ್ನಾಗಿ ಕಾಣ್ತೈತೆ" ಎಂದೆ. ಆಗ ಅದು ನಿಜವೆಂದೇ ನಂಬಿದ್ದೆ.

ಮನೆಗೆ ಬಂದವಳು ಕೋಣೆಯಿಂದ ಕೋಣೆಗೆ ತಿರುಗಿದಳು. ಹೊಸದಾಗಿ ಬಾಡಿಗೆಗೆ ಬಂದವರು ಮನೆ ನೋಡುವ ಹಾಗೆ. ಸ್ಟೀಲ್ ಡಬ್ಬಗಳನ್ನು ಮುಟ್ಟಿದಳು, ದೇವರ ಗೂಡಿನ ಹೊಗೆಯ ಕಲೆ ಕಂಡು ನಾಲಿಗೆ ಕಚ್ಚಿಕೊಂಡಳು. ತಂತಿಯ ಮೇಲೆ ಒಣಗಲು ಹಾಕಿದ್ದ ನನ್ನ ಪಂಚೆಯ ಮುಂದೆ ನಿಂತುಬಿಟ್ಟಳು.

"ಇದಕ್ಕೆ ಇಷ್ಟು ನೀಲಿ ಯಾರು ಹಾಕಿದ್ದು?"

"ಇನ್ಯಾರು ಹಾಕ್ತಾರೆ? ನೀನೇ."

ಬಟ್ಟೆ ಹಳದಿಯಾಗಿ ಕಾಣುತ್ತದೆಂದು ಅವಳು ಪ್ರತಿ ಸಲವೂ ಒಂದಷ್ಟು ಹೆಚ್ಚು ನೀಲಿ ಹಾಕುತ್ತ ಬಂದಿದ್ದಳು. ಅದನ್ನು ಉಟ್ಟು ನಾನು ಮದುವೆಗೆ, ತಿಥಿಗೆ, ಬ್ಯಾಂಕಿಗೆ ಹೋಗಿಬಂದಿದ್ದೆ. ನಮ್ಮಿಬ್ಬರಿಗೂ ಅದು ಬಿಳಿಯಾಗಿತ್ತು. ಅವಳು ಗೋಡೆ ಹಿಡಿದು ನಕ್ಕಳು. "ಊರೆಲ್ಲಾ ಆಕಾಶ ಉಟ್ಕಂಡು ತಿರಿಗಿದ್ದೀರಲ್ರೀ!" ನಾನೂ ನಕ್ಕೆ. ನನಗೆ ಆ ಪಂಚೆ ಆಗಲೂ ಬಿಳಿಯಾಗಿಯೇ ಕಾಣುತ್ತಿತ್ತು ಎಂಬುದನ್ನು ಹೇಳಲಿಲ್ಲ.

ಹೊಟ್ಟೆ ಉರಿಯಲು ಶುರುವಾದದ್ದು ಅಲ್ಲಿ ಎಂದು ತೋರುತ್ತದೆ. ಒಡವೆಗೆ, ಅಧಿಕಾರಕ್ಕೆ ಅಸೂಯೆ ಪಡುವವರು ಇದ್ದಾರೆ. ನಾನು ನನ್ನ ಹೆಂಡತಿಯ ಎಡಗಣ್ಣಿಗೆ ಅಸೂಯೆ ಪಟ್ಟೆ. ಒಂದೇ ಮನೆಯಲ್ಲಿ, ಒಂದೇ ಬಲ್ಬಿನ ಕೆಳಗೆ, ಅವಳಿಗೆ ಬರುತ್ತಿದ್ದದ್ದು ನನಗೆ ಬರುತ್ತಿರಲಿಲ್ಲ. ಅವಳು ಬದನೆಕಾಯಿಯನ್ನು ಹೊರಳಿಸಿ ನೋಡುತ್ತಿದ್ದರೆ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವಳ ಮುಖ ಓದುತ್ತಿದ್ದೆ. ಬಲಗಣ್ಣಿನದೂ ಆಯಿತು. ಆಗ ಹೋಲಿಸಿ ನೋಡಲು ಅವಳಿಗೆ ಹಳೆಯ ಕಣ್ಣು ಉಳಿಯಲಿಲ್ಲ. ಅವಳಿಗೆ ಅದರ ಚಿಂತೆ ಇರಲಿಲ್ಲ. ಹೋಲಿಸುತ್ತ ಕೂತವನು ನಾನು.

ಆ ಹೊತ್ತಿಗೆ ತಮ್ಮನ ಮಗನಿಗೆ ಮದುವೆ ಗೊತ್ತಾಯಿತು, ಹೊಳಲ್ಕೆರೆಯ ಹೆಣ್ಣು. ತಮ್ಮ ಹೊಸ ಕಂಬಳಿ ನೇಯಿಸಿ ತಂದ. ಮೊದಲೇ ಹೇಳಿದ ಆ ಸಂಜೆ ಇದು.

ನಾನು ಕಂಬಳಿ ಬಿಚ್ಚಿದೆ, ಬಲ್ಬಿನ ಕೆಳಗೆ ಹಿಡಿದೆ, ಎಂದಿನಂತೆ ಸುಮ್ಮನಿದ್ದೆ. ಗಂಜಿಯ ವಾಸನೆ ಇನ್ನೂ ಹಸಿಯಾಗಿತ್ತು. "ಹಾಸ್ರಿ" ಎಂದೆ. ಅವಳು ಕಾಫಿ ತಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಂದು ಮೂಲೆಯನ್ನು ಎತ್ತಿದಳು. ಆಮೇಲೆ ಆ ಮಾತು, ಯಾರೇ ಅಂದಿರಲಿ: ಇದು ಕರೀದಲ್ಲ, ನೀಲಿ.

"ಎಲ್ಲೈತೆ ನೀಲಿ?" ಎಂದೆ.

"ಇಲ್ಲಿ ನೋಡ್ರಿ, ಒಂದ್ ಎಳೆ ಬಿಟ್ಟು ಒಂದ್ ಎಳೆ. ಕಾಗೆ ರೆಕ್ಕೆ ಇದ್ದಂಗೆ ಐತೆ. ಇದು ಬೇರೆ, ಇದು ಬೇರೆ."

ತಮ್ಮ ಫೋನ್ ತೆಗೆದು ನೇಯ್ದವನಿಗೇ ಮಾಡಿದ, ಎಲ್ಲರಿಗೂ ಕೇಳುವಂತೆ ಇಟ್ಟ. ಆ ಕಡೆಯಿಂದ ಮಗ್ಗದ ಸದ್ದು, ಕೆಮ್ಮು, ಕೊನೆಗೆ, "ಕರಿ ಉಣ್ಣೆ ಸಾಲ್ದಾತಣ್ಣ. ಒಂಚೂರು ಪೇಟೆ ನೂಲು ಹಾಕೀನಿ. ನಿಮ್ಮಣ್ಣಾರು ನೋಡಿದ್ರೇನು?"

"ನಮ್ಮತ್ಗೆ ನೋಡಿದ್ರು" ಎಂದ ತಮ್ಮ. ಫೋನ್ ಇಟ್ಟು ಅವಳ ಕಡೆ ತಿರುಗಿ, "ಇನ್ಮೇಲೆ ನಿಮ್ಮತ್ರಾನೇ ತರ್ತೀನತ್ಗೆ. ಅಣ್ಣ ಪೆನ್ಷನ್ ತಗಳ್ಳಿ" ಎಂದ. ಮೂವರೂ ನಕ್ಕೆವು. ನನ್ನ ನಗು ಉಳಿದಿಬ್ಬರದಕ್ಕಿಂತ ಜೋರಾಗಿತ್ತು. ಇದು ಸರಿಯಾಗಿ ನೆನಪಿದೆ, ಏಕೆಂದರೆ ದವಡೆ ನೋಯುತ್ತಿತ್ತು.

ಮಾರನೆಯ ದಿನ ಪೇಟೆಗೆ ಹೋದೆ. ಬಲ್ಬಿನದೇ ತಪ್ಪು ಎಂದು ತೋರಿಸಬೇಕಾಗಿತ್ತು. ಅವಳಿಗೂ ಅಲ್ಲ, ತಮ್ಮನಿಗೂ ಅಲ್ಲ. ಯಾರಿಗೆ ಎಂದು ಆಗಲೂ ಕೇಳಿಕೊಂಡಿರಲಿಲ್ಲ.

"ಯಾವ ಬಿಳಿ ಕೊಡ್ಲಿ ಸಾರ್?" ಎಂದ ಅಂಗಡಿಯವನು.

"ಬಿಳಿ ಅಂದ್ರೆ ಬಿಳಿ ಅಲ್ವೇನಪ್ಪ?"

"ಇಲ್ಲ ಸಾರ್. ಆಸ್ಪತ್ರೆ ಬಿಳಿ ಐತೆ, ಬೆಣ್ಣೆ ಬಿಳಿ ಐತೆ, ನಡುವಿನ ಬಿಳಿ ಒಂದೈತೆ. ಮನೇಲಿ ಜಗಳ ಜಾಸ್ತಿ ಇದ್ರೆ ಬೆಣ್ಣೆ ತಗಳ್ರಿ, ಕಣ್ಣಿಗೆ ತಂಪು."

ಬೆಣ್ಣೆ ತಂದೆ. ನಡುಮನೆಯಲ್ಲಿ ಅದನ್ನೇ ಹಾಕಿದೆ. ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಸ್ವಲ್ಪ ಮಬ್ಬಾದಂತೆ ಅನ್ನಿಸಿತು ಅಷ್ಟೆ. ಅವಳು ಬಂದವಳೇ ಮೇಲೆ ನೋಡಿ, "ಬಲ್ಬಿಗೂ ಪೊರೆ ಬಂತೇನ್ರಿ?" ಎಂದಳು.

ವಾಪಸ್ಸು ಹೋಗಬೇಕಿದ್ದ ಆ ಕಂಬಳಿಯ ಅಂಚಿನಿಂದ ಒಂದು ಎಳೆ ಪೇಟೆ ನೂಲು, ಒಂದು ಎಳೆ ಹುಟ್ಟು ಕರಿ ಎಳೆದಿಟ್ಟುಕೊಂಡಿದ್ದೆ. ಅವಳು ತೋರಿಸಿದ ಮೇಲೆ ತಮ್ಮನಿಗೂ ವ್ಯತ್ಯಾಸ ಕಂಡಿತ್ತು. ಯಾವುದು ಯಾವುದೆಂದು ಮೊದಲೇ ಅವನಿಂದ ಕೇಳಿ, ಒಂದಕ್ಕೆ ಗಂಟು ಹಾಕಿ, ಗಂಟನ್ನು ಬೆರಳಿನಡಿ ಮುಚ್ಚಿಕೊಂಡು ಅವಳ ಮುಂದೆ ಹಿಡಿದೆ.

"ಇದ್ರಾಗೆ ಪೇಟೇದು ಯಾವ್ದು ಹೇಳು ನೋಡಾಣ."

"ಇದೇನ್ರಿ ಆಟ?"

"ಹೇಳು."

ಅವಳು ಬಗ್ಗಿ ನೋಡಿದಳು. ಹಿಂದೆಮುಂದೆ ಮಾಡಿದಳು. ಒಂದನ್ನು ಮುಟ್ಟಿದಳು. ತಪ್ಪು.

ಆಗ ನನಗಾದ ಸಂತೋಷವನ್ನು ಹೇಗೆ ಬರೆಯುವುದು? ಮಕ್ಕಳು ಪಾಸಾದಾಗ, ಮನೆ ಕಟ್ಟಿ ಮುಗಿದಾಗ ಆದದ್ದಕ್ಕಿಂತ ಅದು ಚುರುಕಾಗಿತ್ತು. ಬೆರಳು ಬಿಚ್ಚಿ ಗಂಟು ತೋರಿಸಿದೆ. ಅವಳು ಎರಡೂ ಎಳೆಗಳನ್ನು ಕಸಿದುಕೊಂಡು, ಟ್ಯೂಬ್‌ಲೈಟ್ ಇದ್ದ ಪಡಸಾಲೆಗೆ ಹೋದಳು. ಅಲ್ಲಿಂದಲೇ ಕೂಗಿದಳು: "ಇಲ್ಲಿ ಸರಿಯಾಗೇ ಕಾಣ್ತೈತೆ ಬರ್ರಿ! ಗಂಟು ಹಾಕಿದ್ದೇ ನೀಲಿ. ತಪ್ಪು ನಂದಲ್ಲ, ನಿಮ್ಮ ಬೆಣ್ಣೆ ಬಲ್ಬಿಂದು."

ಹೋಗಿ ನೋಡಿದೆ. ಅಲ್ಲಿಯೂ ನನಗೆ ಎರಡೂ ಕರಿ. ನಡುಮನೆಗೆ ತಂದು ನೋಡಿದೆ, ಕರಿ. ಮಾರನೆಯ ಬೆಳಿಗ್ಗೆ ಅಂಗಳದ ಬಿಸಿಲಿಗೆ ಹಿಡಿದೆ, ಗಂಟಿಲ್ಲದಿದ್ದರೆ ಹೇಳಲಾರೆ. ಅವಳ ಕಣ್ಣು ದೀಪ ಬದಲಾದರೆ ಮೋಸ ಹೋಗುತ್ತಿತ್ತು. ನನ್ನದಕ್ಕೆ ಮೋಸ ಹೋಗಲು ದೀಪವೂ ಬೇಕಿರಲಿಲ್ಲ. ಎಷ್ಟು ವರ್ಷದಿಂದ ಹೀಗೆ? ಎಷ್ಟು ಮದುವೆಗಳಿಂದ?

ಇಲ್ಲೊಂದು ಮಾತು. ಬೆಣ್ಣೆ ಬಲ್ಬಿನ ಕೆಳಗೆ ಅವಳು ತಪ್ಪು ಎಳೆ ಮುಟ್ಟಿದಳಲ್ಲ, ಅದಕ್ಕೆ ಮುಂಚೆ ನನ್ನ ಮುಖ ನೋಡಿದಳೇ? ನೋಡಿದಳು ಎಂದು ಒಂದು ನೆನಪು ಹೇಳುತ್ತದೆ. ಆ ನೆನಪು ಆಮೇಲೆ ನಾನೇ ಕಟ್ಟಿಕೊಂಡದ್ದು ಇರಬಹುದು, ಮುಂದೆ ನಡೆದದ್ದಕ್ಕೆ ಹೊಂದಲಿ ಎಂದು. ಅದನ್ನು ಇಲ್ಲಿ ಇಡುತ್ತೇನೆ, ಆದರೆ ಭಾರ ಹಾಕುವುದಿಲ್ಲ.

ಮದುವೆ ಹತ್ತಿರ ಬಂತು. ಹೊಸದಾಗಿ ನೇಯಿಸಲು ಪುರಸೊತ್ತಿರಲಿಲ್ಲ. ತಮ್ಮ ಮತ್ತು ಅವನ ಹೆಂಡತಿ ಮನೆಗೆ ಬಂದು, ಅಂಗಡಿಯಲ್ಲಿ ಸಿಕ್ಕಿದ್ದನ್ನೇ ಹಾಸಿಬಿಡೋಣವೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಹೆಂಡತಿ ಹೇಳಿದಳು:

"ಯಾಕೆ? ನಮ್ಮ ಹಸೆ ಕಂಬಳಿ ಐತಲ್ಲ ಟ್ರಂಕಿನಾಗೆ."

ಅದು ನಾನು ಆರಿಸಿದ ಮೊದಲನೆಯ ಕಂಬಳಿ. ಅದುವರೆಗೆ ಅಪ್ಪನೇ ನೋಡುತ್ತಿದ್ದ. ನನ್ನ ಮದುವೆಗೆ, "ನಿನ್ನ ಹಸೆ, ನೀನೇ ನೋಡ್ಕ" ಎಂದು ನನ್ನನ್ನು ನೇಯುವವರ ಮನೆಗೆ ಕಳಿಸಿದ. ಕತ್ತಲೆಯ ಕೊಟ್ಟಿಗೆ, ಮಗ್ಗದ ಮೇಲೆ ಹೊಗೆ ಹಿಡಿದ ತಂತಿಯ ಬಲ್ಬು. ನಾನು ಆರಿಸಿ ತಂದೆ, ಅಪ್ಪ ಒಮ್ಮೆ ಸವರಿ ನೋಡಿ, "ಇವನಿಗೆ ಕಣ್ಣೈತೆ" ಎಂದ. ಕಣ್ಣಿನ ಹೆಸರು ನನಗೆ ಬಂದದ್ದು ಅಲ್ಲಿಂದ. ಈಗ ಲೆಕ್ಕ ಹಾಕಿದರೆ, ಆಗ ನನ್ನ ಕಣ್ಣು ಎಳೆಯದು, ಸರಿ. ಆದರೆ ಬಲ್ಬಿನಲ್ಲಿ ನೀಲಿ ಎಲ್ಲಿತ್ತು? ಅಪ್ಪನ ಕಣ್ಣಿಗಾಗಲೇ ವಯಸ್ಸಾಗಿತ್ತು. ನೀಲಿ ಇಲ್ಲದ ದೀಪದಲ್ಲಿ ನಾನು ನೋಡಿದೆ, ನೀಲಿ ಬಿಡದ ಕಣ್ಣಿನಲ್ಲಿ ಅಪ್ಪ ಒಪ್ಪಿದ.

ಅವಳು ಟ್ರಂಕು ತೆಗೆದಳು. ಒಣಗಿದ ಬೇವಿನೆಲೆ ಉದುರಿತು. ಮಧ್ಯಾಹ್ನದ ಬೆಳಕಿತ್ತು, ಅವಳು ಕಂಬಳಿಯನ್ನು ಪಡಸಾಲೆಯ ಬಾಗಿಲಿಗೆ, ಈ ಮನೆಯಲ್ಲಿ ನಾನು ಯಾವಾಗಲೂ ನಿಲ್ಲುತ್ತಿದ್ದ ಜಾಗಕ್ಕೇ ಒಯ್ದಳು. ಅದು ಪೇಟೆ ನೂಲು ಎಂದಾದರೆ, ತಪ್ಪಿದ್ದು ಮುಪ್ಪಿನಲ್ಲಿ ಅಲ್ಲ. ಮೊದಲಿನಿಂದಲೂ ನನಗೆ ಕಣ್ಣು ಇರಲಿಲ್ಲ, ಇದೆ ಎಂದು ಎಲ್ಲರೂ ಸೇರಿ ನಡೆಸಿಕೊಂಡು ಬಂದದ್ದು.

"ಭಾವಾರ್ ಏನಂತಾರೆ ಕೇಳಕ್ಕ, ಹಿರೇರು" ಎಂದಳು ತಮ್ಮನ ಹೆಂಡತಿ.

"ಅವರದ್ದೇನು ಕೇಳೋದು, ಅವರೇ ಆರಿಸಿದ್ದು" ಎಂದ ತಮ್ಮ. "ಪರೀಕ್ಷೆ ಬರೆದೋರೇ ಮಾರ್ಕ್ಸ್ ಹಾಕಂಗಿಲ್ಲ."

ನನ್ನ ಹೆಂಡತಿ ಬೆರಳಿನಿಂದ ಎಳೆ ಬಿಡಿಸಿ ನೋಡಿದಳು. ಮಡಿಕೆ ತಿರುವಿ ಇನ್ನೊಂದು ಕಡೆ ನೋಡಿದಳು. ನಾನು ಕಂಬಳಿಯನ್ನು ನೋಡಲಿಲ್ಲ, ಅವಳ ಕಣ್ಣನ್ನೇ ನೋಡಿದೆ. ಅದರೊಳಗೆ ಬಾಗಿಲಿನ ಚೌಕ ಬೆಳಕು ಕೂತಿತ್ತು. ಅಷ್ಟು ತಿಳಿಯಾದ ಕಣ್ಣು ಅವಳಿಗೇ ಯಾಕೆ ಬರಬೇಕಿತ್ತು, ಕುರಿಯ ಮೈ ವಾಸನೆ ಗೊತ್ತಿಲ್ಲದೆ ಬೆಳೆದವಳಿಗೆ? ಆ ಗಳಿಗೆಯಲ್ಲಿ ನಾನು ಯೋಚಿಸಿದ್ದು ಇದನ್ನೇ. ಅವಳ ಮೇಲೆ ಪ್ರೀತಿ ಬರಲಿಲ್ಲ.

"ಹುಟ್ಟು ಕರೀನೇ" ಎಂದಳು. "ಇದನ್ನೇ ಹಾಸ್ರಿ."

ತಮ್ಮ ನನ್ನ ಬೆನ್ನಿಗೆ ತಟ್ಟಿದ. "ಅಣ್ಣಂಗೂ ಒಂದ್ ಕಾಲ ಇತ್ತು ಬಿಡ್ರಪ್ಪ." ಅವಳು ಕಂಬಳಿ ಕೊಡವಿ ಮಡಿಚಿದಳು. ಸ್ವಲ್ಪ ಬೇಗನೆ ಮಡಿಚಿದಳು ಎಂದು ನನಗೆ ಆಗಲೇ ಅನ್ನಿಸಿತು.

ಹೊಳಲ್ಕೆರೆಯ ಕಲ್ಯಾಣಮಂಟಪದಲ್ಲಿ ಮದುವೆ ಆಯಿತು. ವೇದಿಕೆಗೆ ಬಣ್ಣದ ದೀಪ ಬಿಟ್ಟಿದ್ದರು. ಗಳಿಗೆಗೊಮ್ಮೆ ನೇರಳೆ, ಗುಲಾಬಿ, ಹಸಿರು. ಹುಡುಗನ ಪೇಟ, ಹುಡುಗಿಯ ಸೀರೆ, ಅಕ್ಕಿಕಾಳು, ಎಲ್ಲ ಒಂದೊಂದು ಸಲಕ್ಕೆ ಒಂದೊಂದು ಬಣ್ಣ. ಆ ಬೆಳಕಿನಲ್ಲಿ ಯಾರ ಕಣ್ಣಿಗೂ ಬೆಲೆಯಿರಲಿಲ್ಲ. ಪಕ್ಕದಲ್ಲಿ ಕೂತ ಅವಳು ಕಣ್ಣು ಕಿರಿದು ಮಾಡಿಕೊಂಡಿದ್ದಳು. ನನಗೆ ಆ ವರ್ಷದಲ್ಲಿ ಅಷ್ಟು ನೆಮ್ಮದಿ ಬೇರೆಲ್ಲೂ ಸಿಕ್ಕಿರಲಿಲ್ಲ.

ಹಾಸಿದ ಕಂಬಳಿ ಮದುಮಕ್ಕಳಿಗೆ ಸೇರುತ್ತದೆ. ಅವರು ಅದನ್ನು ಭರಮಸಾಗರಕ್ಕೆ ಒಯ್ದರು. ಹುಡುಗನಿಗೆ ಅಲ್ಲಿ ಗೊಬ್ಬರದ ಅಂಗಡಿ ಇದೆ.

ನನ್ನ ಬಲಗಣ್ಣಿನದು ಕೊನೆಗೂ ಮಾಡಿಸಿದೆ. ಡಾಕ್ಟರಮ್ಮ ಹೇಳಿದ್ದಕ್ಕಲ್ಲ. ಹೆಂಡತಿ ಕಂಡದ್ದನ್ನು ಕಾಣಬೇಕಾಗಿತ್ತು. ಪಟ್ಟಿ ಬಿಚ್ಚಿದಾಗ ಟ್ಯೂಬ್‌ಲೈಟಿನ ಬೆಳಕು ನೀರಿನ ಹಾಗೆ ಮುಖಕ್ಕೆ ಬಿತ್ತು. ಮನೆಗೆ ಬಂದು ಎತ್ತಿಟ್ಟಿದ್ದ ಎರಡು ಎಳೆ ತೆಗೆದೆ. ಒಂದರಲ್ಲಿ ಬೆಲ್ಲ, ಒಂದರಲ್ಲಿ ನೀಲಿ. ಮಗುವೂ ಹೇಳಬಹುದಾದಷ್ಟು ಬೇರೆ ಬೇರೆ.

ಕಣ್ಣಿನ ಕೆಂಪು ಆರಿದ ಮೇಲೆ ಇಬ್ಬರೂ ಭರಮಸಾಗರಕ್ಕೆ ಹೋದೆವು. ಸೊಸೆ ಕೆರೆ ಮೀನಿನ ಸಾರು ಮಾಡಿದ್ದಳು. ಊಟವಾದ ಮೇಲೆ, ಏನೋ ಜ್ಞಾಪಕ ಬಂದವನಂತೆ, ಕಂಬಳಿ ಎಲ್ಲಿ ಎಂದು ಕೇಳಿದೆ.

"ತಾರಸಿ ಮ್ಯಾಲೈತೆ ದೊಡ್ಡಮಾವ. ಮೆಣಸಿನಕಾಯಿ ಒಣಗಾಕೀನಿ. ಕರೀದಲ್ವ, ಬೇಗ ಒಣಗ್ತವೆ."

ಬೇಸಿಗೆಯಿಡೀ ಅದು ಬಿಸಿಲಿನಲ್ಲಿತ್ತು. ಮೆಣಸಿನಕಾಯಿ ಸರಿಸಿ, ಮೂಲೆ ಎತ್ತಿ, ಹೊಸ ಕಣ್ಣಿನಿಂದ ನೋಡಿದೆ. ಕಂದು. ಇಡೀ ಕಂಬಳಿ ಒಂದೇ ಸಮ ಮಾಸಿದ ಕಂದು, ಅಲ್ಲಲ್ಲಿ ಮೆಣಸಿನ ಕೆಂಪು. ಹುಟ್ಟು ಕರಿಯೂ ಬಿಸಿಲಿಗೆ ಹಾಗೆ ಆಗುತ್ತದೆ, ಪೇಟೆಯ ಬಣ್ಣವೂ ಆಗುತ್ತದೆ. ಒಂದೆರಡು ಎಳೆ ಬೇರೆ ಕಂಡವು. ಕಂಡವೇ, ಕಾಣಲಿ ಎಂದು ನಾನು ಹುಡುಕಿದ್ದೇ, ಹೇಳಲಾರೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಅವತ್ತು ಟ್ರಂಕಿಂದು ತೆಗೆದು ನೋಡಿದ್ಯಲ್ಲ. ನಿಜಕ್ಕೂ ಕರಿ ಇತ್ತಾ?"

"ಹೂಂ ಅಂದ್ನಲ್ಲ."

"ನನ್ನ ಮುಖ ನೋಡಿ ಅಂದ್ಯೋ, ಕಂಬಳಿ ನೋಡಿ ಅಂದ್ಯೋ?"

"ಎಷ್ಟು ಸಲ ಕೇಳ್ತೀರಿ? ಮದ್ವೆ ಆತು, ಹುಡುಗ್ರು ಚೆನ್ನಾಗವ್ರೆ" ಎಂದು ಕಿಟಕಿಯ ಕಡೆ ತಿರುಗಿದಳು. ಎಷ್ಟು ಸಲ ಎಂದಳು. ಅದೇ ಮೊದಲ ಸಲ ಕೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಈಗ ನನಗೂ ಅವಳಷ್ಟೇ ಕಾಣುತ್ತದೆ. ಆದರೂ ಕಿಚ್ಚು ಆರಿಲ್ಲ, ಏಕೆಂದರೆ ಆ ಮಧ್ಯಾಹ್ನ ಆ ಕಂಬಳಿ ಯಾವ ಬಣ್ಣದ್ದಾಗಿತ್ತು ಎಂದು ನೋಡಿದವಳು ಅವಳೊಬ್ಬಳೇ. ಅವಳು ಕಂಡದ್ದನ್ನು ಹೇಳಿದಳೋ, ನನ್ನನ್ನು ಉಳಿಸಿದಳೋ, ನನಗೆ ಗೊತ್ತಿಲ್ಲ.